ಎಡಗೈ ಕಿರುಬೆರಳು

ಮೋಟೆಬೆನ್ನೂರು
18 ನವೆಂಬರ್ 2024

ಕುಮಾರಿ ಮುಸ್ಕಾನ್ ಅವರಿಗೆ,

ನಾನು ನಿಮಗ ಗುರುತಿಲ್ಲದವ. ಹೆಸರು ಅಂದಾನೆಪ್ಪ ಹಾದಿಮನಿ. ಸೈನ್ಯದ ತೋಪಖಾನೆಯೊಳಗ ಇಪ್ಪತ್ನಾಲ್ಕು ವರ್ಷ ಇದ್ದು ಹವಾಲ್ದಾರ ಆಗಿ ಪೆನ್ಶನ್ ತಗೊಂಡು ಬಂದೇನಿ. ತೋಪಿನ ಸಪ್ಪಳಕ್ಕ ಎರಡೂ ಕಿವಿ ಹೋಗ್ಯಾವ. ಫೋನಿನ್ಯಾಗ ಮಾತು ಕೇಳೂದಿಲ್ಲ, ಮೊಬೈಲಿನ್ಯಾಗ ಬರಿಯೂದು ಕಲೀಲಿಲ್ಲ. ಅದಕ್ಕ ಈ ಪತ್ರ. ನಿಮ್ಮ ವಿಳಾಸ ಹಾವೇರಿಯ ನಮ್ಮ ಮಾಜಿ ಸೈನಿಕರ ತೋಪಖಾನೆ ಬಳಗದ ಆಫೀಸಿನ್ಯಾಗ ಇಸಗೊಂಡೆ.

ಹೋದ ವಾರ, ಇನ್ನೂ ಬದುಕಿದ್ದೇನಿ ಅಂತ ಪೆನ್ಶನ್ನಿನ ಸರ್ಟಿಫಿಕೇಟ್ ಕೊಡಾಕ ಹಾವೇರಿಗೆ ಹೋಗಿದ್ದೆ. ಹಂಗ ಬಳಗದ ಆಫೀಸಿಗೂ ಹೋದೆ. ಅಲ್ಲಿ ಮೇಜಿನ ಮ್ಯಾಲೆ ನೀವು ಮಾಡಿದ ಎಚಿಂಗ್ ಚಿತ್ರ ಇತ್ತು. ಜನರಲ್ ಕಿಲ್ಲೇದಾರ ಸಾಹೇಬರ ದೊಡ್ಡ ಎಣ್ಣೆಬಣ್ಣದ ಚಿತ್ರ ನೋಡಿ ಮಾಡಿದ್ದು. ಆ ಚಿತ್ರ ನಮ್ಮ ರೆಜಿಮೆಂಟಿನ ಮೆಸ್ಸಿನ್ಯಾಗ ಐತಿ. ಎಲ್ಲಾರೂ ಅದನ್ನ ಕ್ಯಾಲೆಂಡರಿನ್ಯಾಗ ಎದಿಮಟ ಅಷ್ಟ ನೋಡ್ಯಾರ. ನೀವು ಬೂಟಿನ ತನಕ ಪೂರಾ ತಗದೀರಿ. ಸಣ್ಣ ಸಣ್ಣ ಗೆರಿಯೊಳಗ ಕೋಟಿನ ಮಡಿಕಿ ಸುದ್ದಾ ಬಂದೈತಿ. ಕೆಲಸ ಚಲೋ ಐತಿ. ಜನವರಿ ಹದಿನೈದಕ್ಕ ಬಳಗದ ಹೊಸಾ ಮೀಟಿಂಗ್ ಹಾಲಿನ ಗ್ವಾಡಿಗೆ ಅದನ್ನ ಏರಸ್ತಾರ ಅಂತ ತಿಳೀತು.

ಒಂದು ತಪ್ಪೈತಿ. ಎಡಗೈ ಕತ್ತಿ ಹಿಡಿಕಿ ಮ್ಯಾಲೆ ಐತಲ್ಲ, ಅದರ ಕಿರುಬೆರಳು ನೀವು ನೆಟ್ಟಗ ಬರದೀರಿ. ಅದು ನೆಟ್ಟಗಿಲ್ಲ. ನಡು ಗೆಣ್ಣಿನಿಂದ ಒಳಗ ಸೊಟ್ಟ ಐತಿ. ಉಗುರು ಅರ್ಧ ಐತಿ. ಗ್ವಾಡಿಗೆ ಏರಸೂದ್ರೊಳಗ ಇದನ್ನ ಸರಿ ಮಾಡ್ರಿ.

ಈ ಪತ್ರದ ನಕಲು ಬಳಗದ ಅಧ್ಯಕ್ಷರು ಆನರರಿ ಕ್ಯಾಪ್ಟನ್ ಪ್ರಭುಲಿಂಗಪ್ಪ ಅವರಿಗೂ ಕಳಿಸೇನಿ.

ಅಂದಾನೆಪ್ಪ ಹಾದಿಮನಿ


ರಾಣೇಬೆನ್ನೂರು
25 ನವೆಂಬರ್ 2024

ಮಾನ್ಯ ಹವಾಲ್ದಾರ್ ಅಂದಾನೆಪ್ಪ ಹಾದಿಮನಿ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಚಿತ್ರವನ್ನು ಅಷ್ಟು ಗಮನವಿಟ್ಟು ನೋಡಿದ್ದಕ್ಕೆ ಕೃತಜ್ಞತೆ.

ನಾನು ಮೂಲ ಚಿತ್ರವನ್ನು ನೋಡಿದವಳಲ್ಲ. ಬಳಗದವರು ರೆಜಿಮೆಂಟಿನಿಂದ ತರಿಸಿಕೊಟ್ಟ ದೊಡ್ಡ ಫೋಟೋ ನೋಡಿ ಕೆಲಸ ಮಾಡಿದ್ದೇನೆ. ಆ ಭಾಗದಲ್ಲಿ ಫೋಟೋ ಸ್ಪಷ್ಟವಾಗಿಲ್ಲ. ಆದ್ದರಿಂದ ಬೆರಳು ಸಹಜವಾಗಿ ಹೇಗಿರುತ್ತದೋ ಹಾಗೆ ಬರೆದಿದ್ದೇನೆ.

ಎಚಿಂಗ್ ಎಂದರೆ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದಂತಲ್ಲ, ಅಳಿಸಿ ತಿದ್ದಲು ಬರುವುದಿಲ್ಲ. ಜಸ್ತದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಬೇಕು. ಗೀರಿದ ಕಡೆಯೆಲ್ಲ ಆಸಿಡ್ ತಗಡನ್ನು ತಿನ್ನುತ್ತದೆ. ಆಮೇಲೆ ಮಸಿ ತುಂಬಿ, ಕಾಗದ ಇಟ್ಟು ಒತ್ತಬೇಕು. ಒತ್ತಿದಾಗ ಎಡ ಬಲ ಅದಲುಬದಲಾಗುವುದರಿಂದ ಫೋಟೋವನ್ನು ಕನ್ನಡಿಯಲ್ಲಿ ನೋಡುತ್ತಾ ಬರೆಯಬೇಕು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ತಿಂಗಳು ಇದೇ ಕೆಲಸ ಮಾಡಿದ್ದೇನೆ. ಒತ್ತುವ ಯಂತ್ರವೂ ಹಳೆಯ ಕಬ್ಬಿನ ಹಾಲಿನ ಗಾಣದ ಉರುಳೆಗಳನ್ನು ಲೇಥಿಗೆ ಕೊಟ್ಟು ನಾನೇ ಮಾಡಿಸಿದ್ದು.

ನಾನೊಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಹತ್ತು ಜನ ನೋಡುವ ಜಾಗದಲ್ಲಿ ನನ್ನ ಚಿತ್ರ ಏರುತ್ತಿರುವುದು ಇದೇ ಮೊದಲು. ನಿಮ್ಮ ನಕಲು ತಲುಪಿದ ಮೇಲೆ ಅಧ್ಯಕ್ಷರು ಮೂರು ಸಲ ಫೋನ್ ಮಾಡಿದ್ದಾರೆ. ಒಂದು ಬೆರಳಿನ ಸಲುವಾಗಿ ಕೆಲಸ ನಿಲ್ಲುವುದು ಬೇಡ. ನಿಮ್ಮದೇನೂ ತಕರಾರಿಲ್ಲವೆಂದು ಅವರಿಗೆ ಒಂದು ಸಾಲು ಬರೆದರೆ ಉಪಕಾರವಾಗುತ್ತದೆ.

ಇಷ್ಟು ವರ್ಷದ ಮೇಲೆ ಒಂದು ಚಿತ್ರದ ಕಿರುಬೆರಳು ನಿಮಗೆ ಹೇಗೆ ನೆನಪಿದೆ ಎಂದು ಆಶ್ಚರ್ಯವಾಯಿತು.

ಇತಿ,
ಮುಸ್ಕಾನ್


ಮೋಟೆಬೆನ್ನೂರು
2 ಡಿಸೆಂಬರ್ 2024

ಕುಮಾರಿ ಮುಸ್ಕಾನ್ ಅವರಿಗೆ,

ತಕರಾರಿಲ್ಲ ಅಂತ ಬರಿಯಾಕ ಆಗೂದಿಲ್ಲ. ತಕರಾರು ಐತಿ.

ಹೆಂಗ ನೆನಪೈತಿ ಅಂತ ಕೇಳೀರಿ. ಆ ಬೆರಳು ಹೆಂಗ ಮುರೀತು ಅನ್ನೂದೂ ನನಗ ಗೊತ್ತೈತಿ. ಅದನ್ನ ನಿಮಗ ಹೇಳೂ ಕಾರಣ ನನಗ ಕಾಣೂದಿಲ್ಲ.

ಫೋಟೋ ಸ್ಪಷ್ಟ ಇಲ್ಲ ಅಂದ್ರಿ. ಕೋಟಿನ ಗುಂಡಿ ಮ್ಯಾಲಿನ ತೋಪಿನ ಗುರ್ತು ನೀವು ಬರದೀರಿ. ಅದು ಕಡ್ಲಿ ಕಾಳಿನಷ್ಟಿಲ್ಲ. ಅದು ಕಂಡ ಫೋಟೋದಾಗ ಬೆರಳು ಕಾಣಲಿಲ್ಲ ಅಂದ್ರ ಹೆಂಗ? ಭೂತಗನ್ನಡಿ ಹಿಡದು ಇನ್ನೊಮ್ಮೆ ನೋಡ್ರಿ.

ಅಧ್ಯಕ್ಷರು ನನಗೂ ನೋಟೀಸ್ ಕಳಿಸ್ಯಾರ. ಹದಿನೈದನೇ ತಾರೀಖು ಐತವಾರ ಸಭಾ ಐತಿ, ಬಂದು ಸಮಜಾಯಿಷಿ ಕೊಡ್ರಿ ಅಂದಾರ.

ಅಂದಾನೆಪ್ಪ


ರಾಣೇಬೆನ್ನೂರು
9 ಡಿಸೆಂಬರ್ 2024

ಅಂದಾನೆಪ್ಪ ಅವರಿಗೆ,

ನಿಮ್ಮ ಪತ್ರ ಓದಿ ಜನರಲ್ ಸಾಹೇಬರಿಗೆ ಯುದ್ಧದಾಗ ಬೆರಳು ಮುರಿದಿತ್ತು ಅಂತ ತಿಳಕೊಂಡಿದ್ದೆ. ಅದನ್ನ ಪ್ರಭುಲಿಂಗಪ್ಪ ಸರ್ ಅವರಿಗೆ ಹೇಳಿದೆ. ಅವರು ನಕ್ಕರು. ಆಮೇಲೆ ಸಿಟ್ಟಾದರು. ಆಮೇಲೆ ಎಲ್ಲಾ ಹೇಳಿದರು.

ಆ ಚಿತ್ರಕ್ಕ ಜನರಲ್ ಸಾಹೇಬರು ನಿಂತಿಲ್ಲ, ನೀವು ನಿಂತೀರಿ ಅಂತ ನೀವು ಊರಾಗ ಹೇಳಕೊಂಡು ತಿರಗತೀರಂತ. ಚಾದಂಗಡಿಯೊಳಗ ನಿಮ್ಮನ್ನ ಜನರಲ್ ಅಂತ ಕರೀತಾರಂತ. ಹಿಂಗಂತ ಮೊದಲನೇ ಪತ್ರದಾಗ ಹೇಳಬೇಕಿತ್ತಲ್ಲರಿ? ಚಿತ್ರದ ಮ್ಯಾಲಿನ ಕಾಳಜಿ ಅಂತ ನಾ ನಂಬಿದೆ. ಈಗ ನೋಡಿದ್ರ ನಿಮ್ಮ ಮಾತಿಗೆ ಸಾಕ್ಷಿ ಬೇಕಾಗಿತ್ತು, ಅದಕ್ಕ ನನ್ನ ತಗಡು ಸಿಕ್ಕತು.

ನೀವು ದೊಡ್ಡವರು, ನಿಮ್ಮ ಬಳಗ, ನಿಮ್ಮ ಜನರಲ್ರು. ಮಾತು ಹತ್ತಿದ್ರ ನಿಮ್ಮನ್ನ ವಯಸ್ಸಾಗೈತಿ ಅಂತ ಬಿಟ್ಟಬಿಡತಾರ. ನನ್ನನ್ನ ಯಾರು ಬಿಡತಾರ? ಜನರಲ್ ಸಾಹೇಬರ ಕೈ ಸೊಟ್ಟ ಮಾಡಿದಾಕಿ ಯಾರು, ಹೆಸರೇನು ಅಂತ ಕೇಳೂ ಮಂದಿ ಇದ್ದಾರ. ಇದು ನಿಮಗ ಹೊಳದಿಲ್ಲ.

ಖರೇ ಏನು ಅಂತ ನೀವ ಹೇಳ್ರಿ. ಹೇಳದಿದ್ರ ನನ್ನನ್ನ ಇದರಾಗ ಎಳೀಬ್ಯಾಡ್ರಿ.

ಮುಸ್ಕಾನ್


ಮೋಟೆಬೆನ್ನೂರು
13 ಡಿಸೆಂಬರ್ 2024

ಮುಸ್ಕಾನ್ ಅವರಿಗೆ,

ಕೇಳೀರಿ, ಹೇಳತೇನಿ. ಇಷ್ಟು ಉದ್ದ ನಾ ಯಾರಿಗೂ ಬರದಿಲ್ಲ.

1977ನೇ ಇಸವಿ. ನನಗ ಇಪ್ಪತ್ತೈದು. ಕಲಕತ್ತಾದಿಂದ ದತ್ತಾ ಬಾಬು ಅನ್ನೂ ಚಿತ್ರಗಾರ ನಮ್ಮ ರೆಜಿಮೆಂಟಿಗೆ ಬಂದ್ರು. ಜನರಲ್ ಸಾಹೇಬರು ಒಂದು ಮುಂಜಾನೆ ಕುಂತ್ರು. ಬಾಬು ಮುಖ ಬರಕೊಂಡ್ರು. ಮಧ್ಯಾಹ್ನ ದಿಲ್ಲಿಯಿಂದ ಕರೆ ಬಂತು, ಸಾಹೇಬರು ಹೊಂಟಹೋದ್ರು. ಇನ್ನ ಕೋಟು, ಪಟ್ಟಿ, ಬೂಟು, ಕೈ ಎಲ್ಲಾ ಉಳದಿತ್ತು. ಅಳತಿ ನೋಡಿ ನೋಡಿ ಸಾಹೇಬರ ಎತ್ತರಕ್ಕ, ಎದಿಗೆ ನಾ ಹೊಂದತೇನಿ ಅಂತ ನನ್ನನ್ನ ಹಿಡದ್ರು. ಜಳಕ ಮಾಡಿಸಿ, ದಾಡಿ ಮಾಡಿಸಿ, ಸಾಹೇಬರ ಕೋಟು ತೊಡಿಸಿದ್ರು. ಕರ್ನಲ್ ಸಾಹೇಬರು ಒಂದ ಮಾತು ಅಂದ್ರು, ಇದು ಈ ಖೋಲಿ ದಾಟಬಾರದು.

ಹನ್ನೊಂದು ದಿನ ನಿಂತೆ. ಮುಂಜಾನೆ ಒಂಬತ್ತರಿಂದ ಊಟದ ಹೊತ್ತಿನ ತನಕ. ಬಾಬುಗ ಹಿಂದಿ ಅಷ್ಟಕ್ಕಷ್ಟ, ನನಗೂ ಅಷ್ಟಕ್ಕಷ್ಟ, ಹಿಂಗಾಗಿ ಮಾತಿಲ್ಲ. ಟ್ರೇನಿಂಗಿನ್ಯಾಗ ತೋಪಿನ ಬಾಯಿ ಮುಚ್ಚೂವಾಗ ಎಡಗೈ ಕಿರುಬೆರಳು ಸಿಕ್ಕು ಸೊಟ್ಟ ಆಗಿತ್ತು. ಕತ್ತಿ ಮ್ಯಾಲೆ ಕೈ ಇಟ್ಟಾಗ ಅದನ್ನ ಬಾಜೂ ಬೆರಳಿನ ಕೆಳಗ ಮುಚ್ಚಿಕೊಂಡಿದ್ದೆ. ಸಾಹೇಬರ ಚಿತ್ರಕ್ಕ ನನ್ನ ಹಾಳು ಬೆರಳು ಯಾಕ ಅಂತ. ಬಾಬು ನೋಡಿದ್ರು. ಕುಂಚ ಕೆಳಗಿಟ್ಟು ಬಂದು, ಬೆರಳು ಹಿಡದು ಹೊರಗ ತಗದು ಹಿಡಿಕಿ ಮ್ಯಾಲೆ ಇಟ್ರು. "ರೆಹನೇ ದೋ", ಇರಲಿ ಬಿಡು ಅಂದ್ರು. ಅಷ್ಟ.

ಆಮ್ಯಾಲೆ ಮೂರು ವರ್ಷ ಅದ ಮೆಸ್ಸಿನ ಮುಂದ ಪಾಳಿ ಮ್ಯಾಲೆ ಪಹರೆ ನಿಂತೇನಿ. ಆಫೀಸರ್ ಮೆಸ್ಸು, ನಾವು ಒಳಗ ಕಾಲಿಡೂ ಹಂಗಿಲ್ಲ. ಯಾರರ ಬಾಗಲಾ ತಗದಾಗ ಚಿತ್ರದ ಕೆಳಗಿನ ಅರ್ಧ ಕಾಣತಿತ್ತು. ಮುಖ ಕಾಣತಿರಲಿಲ್ಲ. ಕೈ ಕಾಣತಿತ್ತು.

ನಲವತ್ತೆರಡು ವರ್ಷ ನಾ ಬಾಯಿ ಬಿಡಲಿಲ್ಲ. ಹೆಂಡತಿ ನೀಲಗಂಗವ್ವಗ ಅಷ್ಟ ಹೇಳಿದ್ದೆ. 2019ರಾಗ, ರೆಜಿಮೆಂಟಿನ್ಯಾಗ ನನ್ನ ಜೋಡಿ ಇದ್ದ ಲಕ್ಕಪ್ಪನ ಮಗಳ ಮದಿವಿಯೊಳಗ ಹೆಣ್ಮಕ್ಕಳ ನಡುವ ಆಕಿ ಆಡಿಬಿಟ್ಟಳು. ಹೆಮ್ಮಿಗೆ ಆಡಿದಳು. ಅವತ್ತಿನಿಂದ ನಾ ಊರಾಗ ಜನರಲ್. ಮೊದಲು ಹಂಗ ನಗಚಾಟಿಗೆ ಕರದಾವ ಲಕ್ಕಪ್ಪನ.

ನೀವು ತಿಳಕೊಂಡಂಗ ಅಲ್ಲ. ಮುಖ ಅವರದು. ಪದಕ ಅವರವು. ಯುದ್ಧ ಗೆದ್ದಾವ್ರು ಅವರು. ಅದರಾಗ ನಾ ಏನೂ ಕೇಳಾಕತ್ತಿಲ್ಲ. ಬಾಬು ಆ ಬೆರಳು ಕಂಡು ಬರದ್ರು. ನೀವು ಅಳಸಬ್ಯಾಡ್ರಿ ಅಂತೇನಿ.

ನಿಮ್ಮ ಹೆಸರಿನ ಮಾತು ಬರದಿದ್ರಿ. ಅದು ನನಗ ಹೊಳದಿರಲಿಲ್ಲ, ಖರೇ. ಅಧ್ಯಕ್ಷರು ಕೇಳಿದ್ರ ಫೋಟೋದಾಗ ಏನೈತೋ ಅಷ್ಟ ಹೇಳ್ರಿ. ನನ್ನ ಪರ ಏನೂ ಹೇಳೂದು ಬ್ಯಾಡ.

ಅಂದಾನೆಪ್ಪ


ಮೋಟೆಬೆನ್ನೂರು
16 ಡಿಸೆಂಬರ್ 2024

ಮುಸ್ಕಾನ್ ಅವರಿಗೆ,

ನಿನ್ನೆ ಸಭಾ ಆತು. ಮೂವತ್ತು ಮಂದಿ ಇದ್ರು. ಅಧ್ಯಕ್ಷರು ಒಂದು ಹಾಳಿ ಓದಿದ್ರು. ನನಗ ಕೇಳೂದಿಲ್ಲಲ್ಲ, ಅದಕ್ಕ ಓದಿದ ಮ್ಯಾಲೆ ನನ್ನ ಕೈಯಾಗ ಕೊಟ್ರು. "ಮೂಲ ಚಿತ್ರದ ಫೋಟೋವನ್ನು ನಾನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ. ಎಡಗೈಯ ಎಲ್ಲಾ ಬೆರಳುಗಳೂ ನೆಟ್ಟಗಿವೆ." ಕೆಳಗ ನಿಮ್ಮ ಸಹಿ. ನಿಮ್ಮ ಎರಡು ಪತ್ರ ಬಂದಾವಲ್ಲ, ಅಕ್ಷರ ಗುರ್ತ ಹತ್ತಿತು.

ನಾ ಹಾಳಿ ಓದೂವಾಗ ಮಂದಿ ನಗಾಕತ್ತಿದ್ರು. ನಗೂದು ನನಗ ಕೇಳೂದಿಲ್ಲ. ಕಾಣತೈತಿ.

ತಪ್ಪಾತು ಅಂತ ಬರದು ಕೊಡ್ರಿ ಅಂತ ಚೀಟಿ ಕೊಟ್ರು. ಕೊಡಲಿಲ್ಲ. ಜನವರಿ ಹದಿನೈದಕ್ಕ ಎಪ್ಪತ್ತೊಂದರ ಯುದ್ಧದಾಗ ಇದ್ದವರಿಗೆ ಸನ್ಮಾನ ಐತಿ, ಆ ಯಾದಿಯೊಳಗಿನ ನನ್ನ ಹೆಸರು ನನ್ನ ಮುಂದ ಹೊಡದು ಹಾಕಿದ್ರು.

ಇನ್ನ ನೀವು ಬರಿಯೂದು ಬ್ಯಾಡ. ನಾನೂ ಬರಿಯೂದಿಲ್ಲ.

ಅಂದಾನೆಪ್ಪ


ರಾಣೇಬೆನ್ನೂರು
6 ಜನವರಿ 2025

ಅಜ್ಜಾರ,

ಬರೀಬ್ಯಾಡ ಅಂದೀರಿ. ಮೂರು ವಾರ ಬರೀಲಿಲ್ಲ. ಈಗ ಬರಿಯಾಕತ್ತೇನಿ. ಓದದ ಹರದು ಹಾಕಿದ್ರೂ ನಡೀತೈತಿ.

ನಿಮ್ಮ ಕಥಿ ಬರದ ಪತ್ರ ನನಗ ಮುಟ್ಟಿದ್ದು ಹದಿನೆಂಟಕ್ಕ. ಆ ಹಾಳಿಗೆ ನಾ ಸಹಿ ಮಾಡಿದ್ದು ಹನ್ನೆರಡಕ್ಕ. ಪತ್ರ ಮೊದಲ ಬಂದಿದ್ರ ಸಹಿ ಮಾಡತಿರಲಿಲ್ಲ ಅಂತ ಹೇಳಾಕ ಆಸೆ ಐತಿ. ಆದರ ಅದೂ ಗ್ಯಾರಂಟಿ ಇಲ್ಲ. ಅದಕ್ಕ ಇದ್ದದ್ದು ಇದ್ದಂಗ ಹೇಳತೇನಿ.

ಫೋಟೋ ಸ್ಪಷ್ಟ ಇಲ್ಲ ಅಂತ ನಾ ಬರದದ್ದು ಸುಳ್ಳು. ಬೆರಳು ಸೊಟ್ಟ ಇದ್ದದ್ದು ಮೊದಲನೇ ದಿನಾನ ಕಂಡಿದ್ದೆ. ಎರಡು ತಿಂಗಳು ಕನ್ನಡಿಯೊಳಗ ಆ ಕೈ ನೋಡೇನಿ, ಕಾಣದ ಇರತೈತೇನು? ಮೊದಲು ಸೊಟ್ಟ ಇದ್ದಂಗ ಬರದಿದ್ದೆ. ಮೊದಲನೇ ಪ್ರತಿ ಒತ್ತಿ ಪ್ರಭುಲಿಂಗಪ್ಪ ಸರ್ ಅವರಿಗೆ ತೋರಿಸಿದೆ. ಅವರು ಬಾಳ ಹೊತ್ತು ನೋಡಿ, ಸಾಹೇಬರ ಕೈ ಹಿಂಗ ಇರಲಿಲ್ಲ, ನೆಟ್ಟಗ ಮಾಡು ತಂಗಿ ಅಂದ್ರು. ಆ ಜಾಗಾ ಕೆರೆದು, ಉಜ್ಜಿ, ಮತ್ತ ಮೇಣ ಹಚ್ಚಿ ನೆಟ್ಟಗ ಬರದೆ. ಮಾಡೂವಾಗ ಬ್ಯಾಸರಾತು. ಆದರೂ ಮಾಡಿದೆ.

ಡಿಸೆಂಬರ್ ಹನ್ನೆರಡಕ್ಕ ಅವರು ನಮ್ಮ ಮನಿಗೆ ಬಂದಿದ್ರು. ಬೈಯಲಿಲ್ಲ. ನಮ್ಮವ್ವ ಮೈಮುನಾಬಿ ಕೊಟ್ಟ ಚಾ ಕುಡದ್ರು. ಜನರಲ್ ಸಾಹೇಬರು ತಮ್ಮ ಎದಿಗೆ ಕೈಯಾರೆ ಪದಕ ಚುಚ್ಚಿದ್ದು ಹೇಳಿದ್ರು, ಹೇಳೂವಾಗ ಕಣ್ಣಾಗ ನೀರು ಬಂತು. ಆಮ್ಯಾಲೆ ಅಂದ್ರು, ಈ ಮಾತು ಹೊರಗ ಬಿತ್ತಂದ್ರ ಪೇಪರ್ನವರು ಬರತಾರ, ಮೊಬೈಲಿನ್ಯಾಗ ಹಾಕತಾರ, ಜನರಲ್ರಿಗೆ ಅವಮಾನ ಮಾಡಿದಾಕಿ ಅಂತ ನಿನ್ನ ಹೆಸರು ಹಿಡದು ಬರಿಯಾವ್ರು ಬರತಾರ, ಅವರನ್ನ ತಡ್ಯಾಕ ನನ್ನ ಕೈಲೆ ಆಗೂದಿಲ್ಲ. ನಮ್ಮವ್ವ ಬಾಗಲದಾಗ ನಿಂತು ಕೇಳಾಕತ್ತಿದ್ದಳು. ಆಕಿನ ಪೆನ್ನು ತಂದು ಕೊಟ್ಟಳು. ಸಹಿ ಮಾಡಿದೆ.

ನಿಮ್ಮ ಹದಿನಾರರ ಪತ್ರ ಬಂದ ಮ್ಯಾಲೆ ಶಾಲಿಯೊಳಗ ಬೋರ್ಡಿನ ಮ್ಯಾಲೆ ಒಂದು ಕೈ ಬರಿಯಾಕ ಹೋದ್ರೂ ಆಗವಲ್ದು.

ತಗಡು ತಿದ್ದೂದು ಆಗೂದಿಲ್ಲ. ಒಮ್ಮೆ ಕೆರದ ಜಾಗಾ ತೆಳ್ಳಗಾಗೈತಿ, ಇನ್ನೊಮ್ಮೆ ಕೆರದ್ರ ತೂತು ಬೀಳತೈತಿ. ಆದರ ಫೋಟೋ ಇನ್ನೂ ನನ್ನ ಹತ್ರ ಐತಿ. ಅದನ್ನ ತಗೊಂಡು ಹದಿನೈದಕ್ಕ ಹಾವೇರಿಗೆ ಹೋಗತೇನಿ. ನಾ ಬರದುಕೊಟ್ಟದ್ದು ಸುಳ್ಳು ಅಂತ ಎಲ್ಲಾರ ಮುಂದ ಹೇಳತೇನಿ. ನಿಮ್ಮ ಕಥಿ ನಾ ಹೇಳೂದಿಲ್ಲ, ಅದು ನಿಮ್ಮದು.

ನೀವು ಬರತೀರೇನು? ಒಂದು ಸಾಲು ಬರದ್ರ ಧೈರ್ಯ ಬರತೈತಿ.

ಮುಸ್ಕಾನ್


ರಾಣೇಬೆನ್ನೂರು
16 ಜನವರಿ 2025

ಅಜ್ಜಾರ,

ನಿಮ್ಮ ಸಾಲು ಬರಲಿಲ್ಲ. ಈಗ ಯಾಕ ಬರಲಿಲ್ಲ ಅಂತ ತಿಳೀತು.

ನಿನ್ನೆ ನಾನು, ನಮ್ಮವ್ವ ಇಬ್ಬರ ಹೋಗಿದ್ದೆವು. ಹಾಲ್ ಮಂದಿಯಿಂದ ತುಂಬಿತ್ತು. ಚಿತ್ರಕ್ಕ ಬಿಳೀ ಬಟ್ಟಿ ಮುಚ್ಚಿದ್ರು. ಬಟ್ಟಿ ಸರಿಸಿದ್ರು, ಚಪ್ಪಾಳಿ ಹೊಡದ್ರು. ನನ್ನ ಕರದು ಶಾಲು ಹೊಚ್ಚಿದ್ರು. ಮೈಕ್ ಕೊಟ್ಟು ಎರಡು ಮಾತು ಆಡು ಅಂದ್ರು. ಹೇಳಿದೆ.

"ಈ ಚಿತ್ರದಾಗ ಎಡಗೈ ಕಿರುಬೆರಳು ನಾನ ನೆಟ್ಟಗ ಮಾಡೇನಿ. ಮೂಲದಾಗ ಅದು ಸೊಟ್ಟ ಐತಿ. ನೆಟ್ಟಗೈತಿ ಅಂತ ನಾ ಬರದುಕೊಟ್ಟದ್ದು ಸುಳ್ಳು."

ಪ್ರಭುಲಿಂಗಪ್ಪ ಸರ್ ಎದ್ದು ಬಂದು ಮೈಕ್ ತಗೊಂಡ್ರು. ಹುಡುಗಿ ಗಾಬರಿಯೊಳಗ ಏನೋ ಹೇಳಾಕತ್ತಾಳ, ಈ ವಿಷಯ ಮೊನ್ನೇನ ಮುಗದೈತಿ ಅಂತ ಕಿಸೆದಾಗಿಂದ ಒಂದು ಹಾಳಿ ತಗದು ಓದಿದ್ರು. ಜನವರಿ ಹದಿಮೂರನೇ ತಾರೀಖಿನ ಹಾಳಿ. "ನಾನು ಜನರಲ್ ಸಾಹೇಬರ ಚಿತ್ರಕ್ಕೆ ನಿಂತಿಲ್ಲ, ವಯಸ್ಸಿನ ಭ್ರಮೆಯಿಂದ ಹಾಗೆ ಹೇಳಿದೆ, ಕ್ಷಮೆ ಇರಲಿ." ಕೆಳಗ ಸಹಿ, ಅಂದಾನೆಪ್ಪ ಹಾದಿಮನಿ. ಹಿಂದ ಕುಂತವರು ಚಪ್ಪಾಳಿ ಹೊಡದ್ರು.

ನಾ ಎಲ್ಲಿ ನಿಂತೇನಿ ಅನ್ನೂದ ತಿಳೀಲಿಲ್ಲ. ಸುರುಳಿ ಮಾಡಿ ತಂದಿದ್ದ ಫೋಟೋ ಮೇಜಿನ ಮ್ಯಾಲೆ ಬಿಚ್ಚಿ, ನಾಕೂ ತುದಿಗೆ ಹೂವಿನ ಕುಂಡ ಇಟ್ಟೆ. ಯಾರರ ಬಂದು ನೋಡ್ರಿ ಅಂದೆ. ಯಾರೂ ಏಳಲಿಲ್ಲ. ನಮ್ಮವ್ವ ಹಿಂದಿನ ಸಾಲಿನ್ಯಾಗ ಸೆರಗು ಬಾಯಿಗೆ ಹಿಡದು ಕುಂತಿದ್ದಳು. ಆಮ್ಯಾಲೆ ಸನ್ಮಾನದ ಸಾಲಿನ್ಯಾಗಿಂದ ಒಬ್ಬ ಅಜ್ಜ ಎದ್ದು ಬಂದ್ರು. ಎತ್ತರ ಆಳು, ಬಿಳೀ ಮೀಸಿ. ಚಾಳೀಸು ಹಾಕ್ಕೊಂಡು ಫೋಟೋದ ಮ್ಯಾಲೆ ಬಗ್ಗಿದ್ರು.

"ಇದು ನೀ ಬರದದ್ದಲ್ಲಲ್ಲ? ಫೋಟೋ ಹೌದಲ್ಲ?"

ಹೌದು ಅಂದೆ. ಇನ್ನೊಮ್ಮೆ ಬಗ್ಗಿ ನೋಡಿದ್ರು. ಕೊರಳಾಗಿನ ಹಾರ ತಗದು ಮೇಜಿನ ಮ್ಯಾಲಿಟ್ಟು, ಊಟಕ್ಕೂ ನಿಲ್ಲದ ಹೊಂಟಹೋದ್ರು. ಅವರು ಲಕ್ಕಪ್ಪ ಅಂತ ಆಮ್ಯಾಲೆ ಗೊತ್ತಾತು.

ಮಂದಿ ಊಟಕ್ಕ ಹೋದ ಮ್ಯಾಲೆ ನಾ ಸ್ಟೂಲ್ ಹತ್ತಿ ನನ್ನ ಚಿತ್ರ ಇಳಿಸಿದೆ. ತಡೀತಾರ ಅನಕೊಂಡಿದ್ದೆ. ಪ್ರಭುಲಿಂಗಪ್ಪ ಸರ್ ಬಂದು ಸ್ಟೂಲ್ ಅಲುಗದಂಗ ಹಿಡದ್ರು. ನಾ ಏನು ಉಳಸಾಕ ನೋಡಿದ್ನೋ ನಿನಗ ತಿಳಿಯೂದಿಲ್ಲ ತಂಗಿ ಅಂತ ಅಷ್ಟ ಅಂದ್ರು. ಚಿತ್ರ ತೊಡಿ ಮ್ಯಾಲೆ ಇಟ್ಟುಕೊಂಡು ಬಸ್ಸಿನ್ಯಾಗ ಬಂದೆವು.

ಆದರ ಅಜ್ಜಾರ, ನನಗ ಸಿಟ್ಟು ಬಂದದ್ದು ಅವರ ಮ್ಯಾಲಲ್ಲ. ಮೂವತ್ತು ಮಂದಿ ನಕ್ಕಾಗ ನೀವು ಸಹಿ ಮಾಡಲಿಲ್ಲ. ಯಾದಿಯೊಳಗಿನ ಹೆಸರು ಹೊಡದಾಗ ಮಾಡಲಿಲ್ಲ. ನಾ ಹೇಳತೇನಿ ಅಂತ ಬರದ ಮ್ಯಾಲೆ ಯಾಕ ಮಾಡಿದ್ರಿ? ನಾ ಸುಳ್ಳು ಬರದದ್ದು ಹೆದರಿ. ನೀವು ಯಾರಿಗೆ ಹೆದರಿದ್ರಿ?

ಜನರಲ್ರನ್ನ ನಾ ಇನ್ನ ಮುಟ್ಟೂದಿಲ್ಲ. ನೀವು ಒಪ್ಪಿದ್ರ ಬರೇ ಆ ಕೈ ಅಷ್ಟ ಒಂದು ಸಣ್ಣ ತಗಡಿನ ಮ್ಯಾಲೆ ಮಾಡತೇನಿ. ಫೋಟೋದಾಗ ಆ ಉಗುರು ಎಲ್ಲಿಗೆ ಮುರದೈತಿ ಅಂತ ಸರಿಯಾಗಿ ತಿಳಿಯೂದಿಲ್ಲ.

ಮುಸ್ಕಾನ್


ಮೋಟೆಬೆನ್ನೂರು
21 ಜನವರಿ 2025

ಮಗಳ ಮುಸ್ಕಾನ್,

ನಿನ್ನ ಆರನೇ ತಾರೀಖಿನ ಪತ್ರ ನನಗ ಹತ್ತಕ್ಕ ಮುಟ್ಟಿತ್ತು. ಹರೀಲಿಲ್ಲ. ಎರಡು ದಿನ ಕಿಸೆದಾಗ ಇಟ್ಟುಕೊಂಡು ಅಡ್ಡಾಡಿದೆ. ನೀ ಸುಳ್ಳು ಬರದಾಕಿ ಅನ್ನೂ ಸಿಟ್ಟು ಅದರಾಗ ಇಳೀತು. ಆದರ ನೀ ಅಷ್ಟು ಮಂದಿ ಮುಂದ ನಿಂತು ಮಾತಾಡತಿ ಅನ್ನೂದು ಓದಿ ನನಗ ಹೆದರಿಕಿ ಹತ್ತಿತು. ಸೊಟ್ಟ ಬೆರಳು ನಂದು. ಅದರ ಸಲುವಾಗಿ ಕಲ್ಲು ನಿಮ್ಮ ಮನಿ ಮ್ಯಾಲೆ ಬಿದ್ರ?

ಹದಿಮೂರಕ್ಕ ಪ್ರಭುಲಿಂಗಪ್ಪ ಬಂದ. ಸಂಕ್ರಾಂತಿ ಎಳ್ಳು ಬೆಲ್ಲ ತಂದಿದ್ದ. ನನಗ ಕೇಳೂದಿಲ್ಲಂತ ಎಲ್ಲಾ ಹಾಳಿ ಮ್ಯಾಲೆ ಬರದು ತೋರಿಸಿದ. ನಿಮ್ಮ ಮನಿಯೊಳಗ ಆಡಿದ ಮಾತನ್ನ ಇಲ್ಲೂ ಆಡಿದ. ಆ ಹುಡುಗಿ ಹೆಸರು ಮಂದಿ ಬಾಯಾಗ ಬೀಳತೈತಿ, ನೀ ಒಬ್ಬ ಸಹಿ ಮಾಡಿದ್ರ ತಂಟೆನ ಇಲ್ಲ ಅಂದ. ಅವ ಹೆದರಸಾಕ ಬಂದಿದ್ದ ಅಂತ ನನಗ ಅನಸಲಿಲ್ಲ. ಅವಗೂ ಹೆದರಿಕಿ ಇತ್ತು. ನಾ ಸಹಿ ಮಾಡಿದೆ. ತಂಟೆ ಮುಗದೈತಿ, ನೀ ಏನೂ ಹೇಳಾಕ ಹೋಗಬ್ಯಾಡ ಅಂತ ಅವತ್ತ ನಿನಗ ಒಂದು ಕಾರ್ಡ್ ಬರದು ಹಾಕಿದೆ. ನಡುವ ಸಂಕ್ರಾಂತಿ ಸೂಟಿ ಬಂತು. ಹದಿನೈದರೊಳಗ ನಿನಗ ಮುಟ್ಟಿಲ್ಲ ಅಂತ ಈಗ ಗೊತ್ತಾತು.

ಯಾರಿಗೆ ಹೆದರಿದ್ರಿ ಅಂತ ಕೇಳೀದಿ. ಇದ ನೋಡು ಉತ್ತರ.

ನೀಲಗಂಗವ್ವಗ ಸಹಿ ಮಾಡಿದ್ದು ಹೇಳಿದೆ. ಆಕಿ ಮೆಣಸಿನಕಾಯಿ ತೊಟ್ಟು ಮುರಕೊಂತ ಕುಂತಿದ್ದಳು. ಕೈ ನಿಲ್ಲಿಸಿದಳು. ಊರು ನಕ್ಕರೂ ಐದು ವರ್ಷ ಆಕಿ ನನ್ನ ಮಾತು ಬಿಟ್ಟುಕೊಟ್ಟಿರಲಿಲ್ಲ. ಈಗ ನಾನ ಆಕಿನ್ನ ಸುಳ್ಳಿ ಮಾಡಿದೆ. ನನ್ನ ಜೋಡಿ ಮಾತು ಬಿಟ್ಟಳು. ತಾಟು ತಂದು ಮುಂದ ಇಡಾಕಿ, ಒಳಗ ಹೋಗಾಕಿ. ಕಿವುಡನ ಜೋಡಿ ಮಾತು ಬಿಟ್ಟರ ಏನು ಫರಕು ಅಂತ ನೀ ಅನ್ನಬಹುದು. ಆಕಿ ತುಟಿ ನೋಡಿ ಇಷ್ಟು ವರ್ಷ ಸಂಸಾರ ಮಾಡೇನಿ.

ಹದಿನೇಳಕ್ಕ ಲಕ್ಕಪ್ಪ ಬಂದ. ಕಟ್ಟಿ ಮ್ಯಾಲೆ ಬಾಜೂಕ ಕುಂತ. ನನ್ನ ಎಡಗೈ ಎಳಕೊಂಡು ತನ್ನ ತೊಡಿ ಮ್ಯಾಲೆ ಇಟ್ಟುಕೊಂಡ. ಈ ಮ್ಯಾಲೆ ಆ ಮ್ಯಾಲೆ ಹೊಳ್ಳಿಸಿ ನೋಡಿದ. ಅದ ಕೈಯಾಗ ತಾಟು ಹಿಡದು ನಾ ಆರು ವರ್ಷ ಅವನ ಬಾಜೂಕ ಕುಂತು ಉಂಡೇನಿ. ಕಿಸೆದಾಗಿನ ಚೀಟಿ ತಗದು ಬರದ, ತಪ್ಪಾತೋ ಅಂದಾನಿ. ಆ ಚೀಟಿ ನಾ ಒಳಗ ಒಯ್ದು ಕೊಟ್ಟೆ. ನೀಲಗಂಗವ್ವ ಎರಡು ಸಲ ಓದಿದಳು. ಚಾ ಮಾಡಿದಳು. ಎರಡ ಕಪ್ ತಂದಳು, ಒಂದು ಲಕ್ಕಪ್ಪಗ, ಒಂದು ತನಗ.

ನಿನ್ನ ಪತ್ರ ಬಂದದ್ದು ಮೊನ್ನೆ ಶನಿವಾರ. ಅದನ್ನ ಲಕ್ಕಪ್ಪಗ ಓದಸಿದೆ. ನಿನ್ನೆ ಇಬ್ಬರೂ ಹಾವೇರಿಗೆ ಪ್ರಭುಲಿಂಗಪ್ಪನ ಮನಿಗೆ ಹೋದೆವು. ನನ್ನ ಹಾಳಿ ವಾಪಸ್ ಕೊಡು ಅಂದೆ. ಆ ಹುಡುಗಿಗೆ ಇಲ್ಲದ ಹೆದರಿಕಿ ನನಗ್ಯಾಕ ಅಂದೆ. ಲಕ್ಕಪ್ಪ ನನ್ನ ಕೈ ಎತ್ತಿ ಅವನ ಮುಂದ ಹಿಡದ. ಅವ ನೋಡಲಿಲ್ಲ. ಮಾರಿ ಆ ಕಡೆ ಮಾಡಿ ನಿಂತ. ಅವನ ದೇವರ ಮಾಡದಾಗ ಸಾಹೇಬರ ಕ್ಯಾಲೆಂಡರ್ ಚಿತ್ರ ಐತಿ, ದಿನಾ ಹೂವು ಇಡತಾನ. ನನಗ ಅವನ ಮ್ಯಾಲೆ ಸಿಟ್ಟು ಬರಲಿಲ್ಲ. ಆಮ್ಯಾಲೆ ಒಳಗ ಹೋಗಿ ಎರಡು ಹಾಳಿ ತಂದ. ಒಂದು ನಂದು, ಒಂದು ನಿಂದು. ಕೈಯಾಗ ಕೊಡಲಿಲ್ಲ, ಟೀಪಾಯಿ ಮ್ಯಾಲೆ ಇಟ್ಟ. ಸನ್ಮಾನದ ಮಾತು ಅವ ತಗೀಲಿಲ್ಲ, ನಾನೂ ಕೇಳಲಿಲ್ಲ.

ಮನಿಗೆ ಬಂದು ಎರಡೂ ಹಾಳಿ ನೀಲಗಂಗವ್ವನ ಮುಂದ ಹಿಡದೆ. ನೀರೊಲಿಗೆ ಹಾಕಿದಳು. ಇಷ್ಟು ದಿನ ಯಾಕ ಬೇಕಿತ್ತು ಅಂದಳು. ಅಂದದ್ದು ನನಗ ಪೂರಾ ತಿಳೀತು.

ಬರೇ ಕೈ ಅಷ್ಟ ಮಾಡತೇನಿ ಅಂತ ಬರದೀದಿ. ಬ್ಯಾಡ. ನಾ ಕೇಳಿದ್ದು ಅದಲ್ಲ. ಸಾಹೇಬರನ್ನ ಕೈ ಇಲ್ಲದಂಗ ಬಿಡಬ್ಯಾಡ. ಹೊಸಾ ತಗಡು ತಗೊ, ಪೂರಾ ಚಿತ್ರ ತಗಿ. ಎರಡು ತಿಂಗಳು ಹತ್ತಲಿ, ನಾಕು ಹತ್ತಲಿ. ಬಳಗದವರು ಏರಸಲಿ ಬಿಡಲಿ. ಲಕ್ಕಪ್ಪ ತನ್ನ ಪಡಸಾಲಿಗೆ ಒಂದು ಪ್ರತಿ ಬೇಕು ಅಂದಾನ.

ಮುಂದಿನ ವಾರ ಗುರುವಾರ ಹತ್ತರ ಬಸ್ಸಿಗೆ ನಾನು, ನೀಲಗಂಗವ್ವ ರಾಣೇಬೆನ್ನೂರಿಗೆ ಬರತೇವಿ. ಆಕಿಗೆ ನಿನ್ನ ಕಬ್ಬಿನ ಗಾಣ ನೋಡಬೇಕಾಗೈತಿ, ನಿಮ್ಮವ್ವಗ ಎರಡು ಸೇರು ಬ್ಯಾಡಗಿ ಮೆಣಸಿನಕಾಯಿ ಕಟ್ಟ್ಯಾಳ. ಆ ಉಗುರು ಎಲ್ಲಿಗೆ ಮುರದೈತಿ ಅಂತ ನೀ ಕಣ್ಣಾರೆ ನೋಡಿಕೊ. ಅವಸರ ಮಾಡಬ್ಯಾಡ, ಸಂಜಿತನ ಇರತೇನಿ. ಬಾಳ ಹೊತ್ತು ನಿಲ್ಲಾಕ ನನಗೀಗ ಆಗೂದಿಲ್ಲ, ಒಂದು ಕುರ್ಚಿ ಇರಲಿ.

ಅಂದಾನೆಪ್ಪ